ತೌಡಿಗೆ ಕೊಂಡ ಮಗು

ಬೆಳಕವಾಡಿಯ ದೇವಿರಮ್ಮನ ಮನೆಯಲ್ಲಿ ಅಂದು ಬೆಳಿಗ್ಗೆ ಒಂದು ಮಗುವಿನ ವ್ಯಾಪಾರ ನಡೆಯಿತು. ಮಾರುವವಳು ದೇವಿರಮ್ಮನ ಮಗಳು ಬೆಟ್ಟಮ್ಮ, ಕೊಳ್ಳುವವಳು ಸೊಸೆ ಹೊಂಬಾಳಮ್ಮ, ಬೆಲೆ ಒಂದು ಸೇರು ತೌಡು. ಮಗು ಹೊಂಬಾಳಮ್ಮನೇ ಹೆತ್ತದ್ದು. ಹೆತ್ತವಳೇ ತೌಡು ಕೊಟ್ಟು ತನ್ನ ಮಗುವನ್ನು ಕೊಳ್ಳುತ್ತಾಳೆಂದರೆ ಪೇಟೆಯವರಿಗೆ ನಗು ಬಂದೀತು. ಆ ಮನೆಯಲ್ಲಿ ಮಾತ್ರ ಯಾರೂ ನಗುತ್ತಿರಲಿಲ್ಲ.

ಮೂರು ವರ್ಷದ ಹಿಂದೆ ಇದೇ ವ್ಯಾಪಾರ ತಿರುಗಾಮುರುಗಾ ನಡೆದಿತ್ತು. ಹೊಂಬಾಳಮ್ಮನ ಮೊದಲ ಎರಡು ಗಂಡುಮಕ್ಕಳು ತವರಾದ ಕೊಕ್ಕರೆ ಬೆಳ್ಳೂರಿನಲ್ಲಿ ಹುಟ್ಟಿ, ತೊಟ್ಟಿಲಿಗೆ ಮೈ ಒಗ್ಗುವ ಮೊದಲೇ ಹೋಗಿಬಿಟ್ಟಿದ್ದವು. ಒಂದಕ್ಕೆ ಬಾಲಗ್ರಹ, ಇನ್ನೊಂದಕ್ಕೆ ಭೇದಿ. ಮೂರನೆಯದು ಹೆಣ್ಣು. ಬಾಣಂತನ ಮುಗಿಸಿಕೊಂಡು ಗಂಡನ ಮನೆಗೆ ಬಂದ ದಿನವೇ ದೇವಿರಮ್ಮ ಹೊಸಿಲ ಮೇಲೆ ಮೊರ ಇಟ್ಟಳು. ಮೊರದಲ್ಲಿ ಹರಕು ಬಟ್ಟೆ, ಬಟ್ಟೆಯ ಮೇಲೆ ಮಗು. "ಈ ಕೂಸು ನಮಗ್ ಬ್ಯಾಡ! ಯಾರಾರ ಕೊಂಡ್ಕತೀರಾ?" ಎಂದು ಬೀದಿಗೆಲ್ಲ ಕೇಳುವ ಹಾಗೆ ಕೂಗಿದಳು. ಮೊದಲೇ ಹೇಳಿಕೊಟ್ಟಂತೆ ಬೆಟ್ಟಮ್ಮ ಹಿತ್ತಲಿನಿಂದ ಸುತ್ತಿ ಬಂದು, ಸೆರಗಿನಲ್ಲಿದ್ದ ಒಂದು ಸೇರು ತೌಡನ್ನು ಅತ್ತ ಸುರಿದು, ಮಗುವನ್ನು ಇತ್ತ ಎತ್ತಿಕೊಂಡಳು. ತೌಡಮ್ಮ ಎಂದು ಹೆಸರಾಯಿತು. ಇನ್ನು ಜವರಾಯ ಬಂದು ಹುಡುಕಿದರೆ ಹೊಂಬಾಳಮ್ಮನ ಮಗು ಆ ಮನೆಯಲ್ಲಿ ಇಲ್ಲ, ಇರುವುದು ಬೆಟ್ಟಮ್ಮ ತೌಡಿಗೆ ಕೊಂಡ ಯಾವುದೋ ಕೂಸು.

ಬೇರೆ ಮನೆಗಳಲ್ಲಿ ಇದು ಅರ್ಧ ದಿನದ ಆಟ. ಹೆಸರು ಉಳಿಯುತ್ತದೆ, ಸಂಜೆಯ ಹೊತ್ತಿಗೆ ಮಗು ತಾಯಿಯ ಮಡಿಲಿಗೆ ಬಂದಿರುತ್ತದೆ. ಆದರೆ ಎರಡು ಮೊಮ್ಮಕ್ಕಳನ್ನು ಮಣ್ಣಿಗೆ ಕೊಟ್ಟ ದೇವಿರಮ್ಮನಿಗೆ ಅಷ್ಟು ಸಾಲದು.

"ಮುಡಿ ಕೊಡೋಗಂಟ ಆಲು ಮಾತ್ರ ನಿಂದು, ಕೂಸು ಬೆಟ್ಟಿದು" ಎಂದು ಸೊಸೆಗೆ ಕಟ್ಟಪ್ಪಣೆ ಮಾಡಿದಳು. "ಎತ್ಕಂಡ್ ಮುದ್ದಾಡ್ಬ್ಯಾಡ. ನನ್ ಕೂಸು ಅನ್ಬ್ಯಾಡ. ಅತ್ರೆ ತಿರುಗ್ ನೋಡ್ಬ್ಯಾಡ. ಅವನಿಗೇನ್ ಕಣ್ಣಿಲ್ವಾ? ಕಂಡಿಡ್ದುಬುಡ್ತಾನೆ."

ಬೆಟ್ಟಮ್ಮನಿಗೆ ಮಕ್ಕಳಾಗಲಿಲ್ಲವೆಂದು ಮಳವಳ್ಳಿಯ ಗಂಡ ಇನ್ನೊಬ್ಬಳನ್ನು ಕಟ್ಟಿಕೊಂಡಿದ್ದ. ನಾಲ್ಕು ಸೀರೆಯ ಗಂಟಿನೊಂದಿಗೆ ತವರಿಗೆ ಬಂದವಳು ಹಸುವಿನ ಹಾಲು ಕರೆಯುವುದು, ಗದ್ದೆಯ ಕಳೆ ಕೀಳುವುದು ಎಂದು ದಿನ ತಳ್ಳುತ್ತಿದ್ದಳು. ಅವಳ ಮಡಿಲಿಗೆ ದೇವರೇ ಬೀದಿಯಲ್ಲಿ ನಿಂತು ಕೂಗಿ ಮಗುವನ್ನು ಹಾಕಿದ ಹಾಗಾಯಿತು. ಆಟವೆಂದು ಅವಳಿಗೂ ಗೊತ್ತಿತ್ತು. ಗೊತ್ತಿದ್ದೂ ಆಡಿದಳು, ಮೈಮರೆತು ಆಡಿದಳು.

ಹೊಂಬಾಳಮ್ಮ ಒಮ್ಮೆ ಮಾತ್ರ ತಪ್ಪಿದಳು. ಮಗು ತೆವಳುವುದನ್ನು ಕಲಿತಿದ್ದ ಕಾಲ. ಹಿತ್ತಲ ಹುಲ್ಲುಮೆದೆಯ ಹಿಂದೆ ಯಾರೂ ಇಲ್ಲದ ಹೊತ್ತು ನೋಡಿ, ಅದನ್ನು ಬಾಚಿ ಎತ್ತಿಕೊಂಡು, "ನನ್ ಬಂಗಾರಿ, ನನ್ ಕೂಸೇ" ಎಂದು ಕೆನ್ನೆ ಕೆಂಪಾಗುವವರೆಗೆ ಮುತ್ತಿಟ್ಟಳು. ಅದೇ ಸಂಜೆ ಮಗುವಿನ ಮೈ ಕೆಂಡವಾಯಿತು, ಕಣ್ಣು ಮೇಲಾಯಿತು. ಎತ್ತಿನ ಗಾಡಿ ಕಟ್ಟಿಕೊಂಡು ಮಳವಳ್ಳಿ ಆಸ್ಪತ್ರೆಗೆ ಓಡಿದರು. ಮಗು ಉಳಿಯಿತು. ಹೊಂಬಾಳಮ್ಮ ಯಾರಿಗೂ ಏನೂ ಹೇಳಲಿಲ್ಲ. ಅಂದಿನಿಂದ ಅವಳು ಅತ್ತೆಗಿಂತ ಕಟ್ಟುನಿಟ್ಟಾದಳು. ನಡೆಯಲು ಕಲಿತ ಮಗು ಎರಡೂ ಕೈ ಮೇಲೆತ್ತಿ ಅವಳೆದುರು ಬಂದು ನಿಂತರೆ, ಪಕ್ಕದ ಬಿಂದಿಗೆ ಎತ್ತಿ ಸೊಂಟಕ್ಕೆ ಇಟ್ಟುಕೊಂಡು, "ಓಗು, ನಿಮ್ಮವ್ವನ್ ತಾವ ಓಗು" ಎನ್ನುತ್ತಿದ್ದಳು. ಕ್ರಮೇಣ ಮಗು ಕೈ ಎತ್ತುವುದನ್ನು ಬಿಟ್ಟಿತು. ಮಾತು ಬಂದಾಗ ಬೆಟ್ಟಮ್ಮನನ್ನು "ಅವ್ವ" ಎಂದಿತು, ಹೊಂಬಾಳಮ್ಮನನ್ನು ಅಜ್ಜಿ ಕೂಗುವಂತೆಯೇ "ಒಂಬಾಳಿ" ಎಂದಿತು. ಮನೆಮಂದಿಯೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ಹೊಂಬಾಳಮ್ಮನೂ ನಕ್ಕಳು, ನಕ್ಕು ಕೊಟ್ಟಿಗೆಗೆ ಹೋಗಿ ಬಹಳ ಹೊತ್ತು ಸಗಣಿ ಬಾಚಿದಳು.

ಈಗ ಮಗುವಿಗೆ ಮೂರು ತುಂಬಿತ್ತು. ಮನೆದೇವರಿಗೆ ಮುಡಿ ಕೊಟ್ಟಾಗಿತ್ತು. ಮಂಡ್ಯದ ಸಕ್ಕರೆ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ ಹೊಂಬಾಳಮ್ಮನ ಗಂಡ ಅಂಕಯ್ಯ ಇಷ್ಟು ವರ್ಷ ಜೊತೆಯವರ ರೂಮಿನಲ್ಲಿ ಇದ್ದು ವಾರದ ರಜಕ್ಕೆ ಊರಿಗೆ ಬರುತ್ತಿದ್ದವನು, ಗುತ್ತಲು ರಸ್ತೆಯ ವಠಾರವೊಂದರಲ್ಲಿ ಮನೆ ಹಿಡಿದಿದ್ದ. ಹೆಂಡತಿ ಮಗುವನ್ನು ಕರೆದುಕೊಂಡು ಹೋಗಬೇಕು, ಅದಕ್ಕೆ ಮೊದಲು ಮಗುವನ್ನು ವಾಪಸು ಕೊಳ್ಳಬೇಕು.

"ಒಡ್ಡೇ ಸೆರಗ" ಎಂದಳು ದೇವಿರಮ್ಮ ಮಗಳಿಗೆ.

ಬೆಟ್ಟಮ್ಮ ಸೆರಗನ್ನು ಮುಷ್ಟಿಯಲ್ಲಿ ಹಿಡಿದುಕೊಂಡೇ ಕೂತಿದ್ದಳು. "ಒಡ್ತೀನಿ ಕಣವ್ವ, ತಡಿ."

"ತಡಿಯೋದೇನ್ ಬಂತು? ಇನ್ನೊಬ್ರ ವಸ್ತು ಕೊಡಾಕೆ ಇಷ್ಟೊತ್ತಾ?"

ಬೆಟ್ಟಮ್ಮ ಸೆರಗು ಒಡ್ಡಿದಳು. ಹೊಂಬಾಳಮ್ಮ ತೌಡು ಸುರಿದಳು. ಅವಸರಕ್ಕೆ ಅರ್ಧ ನೆಲಕ್ಕೆ ಬಿತ್ತು. ದೇವಿರಮ್ಮ ಮಗುವನ್ನು ಎತ್ತಿ ಸೊಸೆಯ ಮಡಿಲಿಗೆ ಹಾಕಿದಳು. ಮೂರು ವರ್ಷ ಇದಕ್ಕಾಗಿಯೇ ಕಾದಿದ್ದ ಹೊಂಬಾಳಮ್ಮ, "ಬಾ ನನ್ ಕಂದ" ಎಂದು ತಬ್ಬಿಕೊಂಡಳು.

ಮಗು ಅವಳ ಮುಖವನ್ನೊಮ್ಮೆ ನೋಡಿತು. ಆಮೇಲೆ ಅವಳ ತೋಳನ್ನು ಮೆಲ್ಲಗೆ ಸರಿಸಿ, ಇಳಿದು ಹೋಗಿ ಬೆಟ್ಟಮ್ಮನ ತೊಡೆಯ ಮೇಲೆ, ಆ ತೌಡಿನ ಮೇಲೆಯೇ ಕೂತುಕೊಂಡಿತು. "ಅವ್ವ, ಇಟ್ಟು" ಎಂದು ಮುದ್ದೆ ಕೇಳಿತು.

ಅಂದಿನ ಊಟದ ಹೊತ್ತಿಗೆ ಜಗಳ ಶುರುವಾಯಿತು. ಹುರುಳಿ ಸಾರಿಗೆ ಮುದ್ದೆ ಮುರಿದು, ಕಡಲೆಕಾಳಿನಷ್ಟು ಉಂಡೆ ಕಟ್ಟಿ ಮಗುವಿನ ಬಾಯಿಗಿಡುತ್ತ ಬೆಟ್ಟಮ್ಮ ಹೇಳಿದಳು: "ನಾನೂ ಬತ್ತೀನಿ. ಎಂಟ್ ದಿನ ಇದ್ದು, ಕೂಸು ಮನೆಗ್ ಒಗ್ಗುದ್ ಮ್ಯಾಕೆ ಬಂದ್ಬುಡ್ತೀನಿ."

"ಬ್ಯಾಡ ಅಕ್ಕ" ಎಂದಳು ಹೊಂಬಾಳಮ್ಮ. "ನೀವ್ ಅಲ್ಲಿದ್ರೆ ಅದು ನನ್ ಕಡೆ ತಿರುಗ್ ನೋಡಕಿಲ್ಲ."

"ನಾನೇನ್ ಕಿತ್ಕಂಡೋಯ್ತೀನಾ?"

"ನಾನ್ ಅಂಗನ್ನಿಲ್ಲ."

"ಅಂದಂಗೇ ಅದೆ."

ಅಂಕಯ್ಯ ತಟ್ಟೆಯಿಂದ ತಲೆ ಎತ್ತಿ, "ಬರ್ಲಿ ಬುಡು, ಎಂಟ್ ದಿನಕ್ ಏನಾಯ್ತದೆ?" ಎಂದ. ದೇವಿರಮ್ಮ ಅವನನ್ನು ಅಲ್ಲಿಗೇ ತಡೆದಳು.

"ನಿಂಗೇನ್ ಗೊತ್ಲಾ? ಎಳೆಗರ ಬುಡ್ಸೋದ್ ಎಂಗೆ? ಅಸ ಒಂದ್ ಕಡೆ, ಕರ ಒಂದ್ ಕಡೆ ಕಟ್ಬೇಕು. ನಾಕ್ ದಿನ ಅರಚ್ತದೆ. ಆಮ್ಯಾಕೆ ಉಲ್ ತಿಂತದೆ. ಒಂದೇ ಏಟ್ಗೆ ಬುಡಿಸ್ಬೇಕು. ಬೆಟ್ಟಿ ಅತ್ತಾಗ್ ತಲೆ ಆಕಕೂಡ್ದು, ಕೂಸು ಅವ್ಳ ಮೊಕ ಮರೆಯೋಗಂಟ."

ಬೆಟ್ಟಮ್ಮ ಎದ್ದು ಕೈ ತೊಳೆದುಕೊಂಡಳು, ಅವಳ ಮುದ್ದೆ ತಟ್ಟೆಯಲ್ಲೇ ಇತ್ತು. ಅತ್ತೆಯ ಮಾತು ಒಮ್ಮೆಯಾದರೂ ತನ್ನ ಪರವಾಗಿ ಬಂತಲ್ಲ ಎಂದು ಹೊಂಬಾಳಮ್ಮನಿಗೆ ಒಳಗೊಳಗೇ ಸಮಾಧಾನವಾಯಿತು. ಆ ಸಮಾಧಾನ ಅವಳನ್ನು ಮುಂದೆ ಬಹಳ ದಿನ ಚುಚ್ಚಿತು.

ಹೊರಡುವ ದಿನ ದೇವಿರಮ್ಮ ಮಗಳನ್ನು ಬೆಳಕು ಹರಿಯುವ ಮೊದಲೇ ಗದ್ದೆಗೆ ಅಟ್ಟಿದಳು. ಎದ್ದ ಮಗು ಹಟ್ಟಿ, ಕೊಟ್ಟಿಗೆ, ಹಿತ್ತಲು ಎಲ್ಲ ಹುಡುಕಿ ಬಂದು, "ಅವ್ವ ಎಲ್ಲಿ?" ಎಂದು ಕೇಳಿತು. ದೇವಿರಮ್ಮ ಸೊಸೆಯ ಮುಖ ನೋಡಿದಳು. ಹೊಂಬಾಳಮ್ಮ ಹೇಳಿದಳು: "ಮುಂದಿನ್ ಬಸ್ಸಲ್ಲಿ ಬತ್ತಾಳೆ. ನಾವ್ ಮುಂಚೆ ಓಗವ, ಬಾ."

ಮಳವಳ್ಳಿಯಲ್ಲಿ ಬಸ್ಸು ಬದಲಾಯಿಸಿದರು, ಮದ್ದೂರಿನಲ್ಲಿ ಮತ್ತೆ ಬದಲಾಯಿಸಿದರು. ಎರಡೂ ಕಡೆ ಮಗು, ನಿಂತ ಬಸ್ಸಿನಿಂದ ಇಳಿಯುವ ಹೆಂಗಸರನ್ನೆಲ್ಲ ಒಬ್ಬೊಬ್ಬರಾಗಿ ನೋಡಿತು. ಅಳಲಿಲ್ಲ. ದೊಡ್ಡವರ ಮಾತಿನ ಮೇಲೆ ಅದಕ್ಕೆ ಆಗ ಇನ್ನೂ ನಂಬಿಕೆಯಿತ್ತು.

ವಠಾರದಲ್ಲಿ ಸಾಲಾಗಿ ಆರು ಮನೆ, ಅಂಗಳದಲ್ಲಿ ಒಂದು ನಲ್ಲಿ. ಒಳಗೆ ಒಂದು ಕೋಣೆ, ಒಂದು ಅಡುಗೆಮನೆ, ಅಂಕಯ್ಯ ಹೊಸದಾಗಿ ತಂದ ಸೀಮೆಎಣ್ಣೆ ಸ್ಟೌ. ಹೊಂಬಾಳಮ್ಮ ಬಂದ ದಿನವೇ ಮುದ್ದೆ ತೊಳಸಿ, ಬೆಟ್ಟಮ್ಮ ಮಾಡುತ್ತಿದ್ದ ಹಾಗೆಯೇ ಸಣ್ಣ ಉಂಡೆ ಕಟ್ಟಿ ಮಗುವಿನ ಬಾಯಿಗಿಟ್ಟಳು. ಮಗು ಬಾಯಿ ಬಿಡಲಿಲ್ಲ. "ಅವ್ವ ಬರ್ಲಿ" ಎಂದಿತು. ಸಂಜೆಗೂ ಅದೇ ಮಾತು. ಮರುದಿನ ಬೆಳಿಗ್ಗೆ ಹೊಸಿಲ ಮೇಲೆ ಕೂತಿತು. ರಸ್ತೆಯಲ್ಲಿ ಹಾರನ್ ಕೇಳಿದರೆ ಎದ್ದು ನಿಲ್ಲುತ್ತಿತ್ತು, ಬಸ್ಸು ದಾಟಿ ಹೋದ ಮೇಲೆ ಕೂರುತ್ತಿತ್ತು. ಆಮೇಲೆ ಅಳು ಶುರುವಾಯಿತು. ಹಟದ ಅಳುವಲ್ಲ, ಬಾಯಿ ಬಡಿದುಕೊಳ್ಳುವ ಅಳು. ಹೊಂಬಾಳಮ್ಮ ಎತ್ತಿಕೊಳ್ಳಲು ಹೋದರೆ ಒದ್ದು, ಪರಚಿ, "ಒಂಬಾಳಿ ಬ್ಯಾಡ! ಒಂಬಾಳಿ ಬ್ಯಾಡ!" ಎಂದು ವಠಾರವೆಲ್ಲ ಕೇಳುವಂತೆ ಕಿರುಚುತ್ತಿತ್ತು.

ಪಕ್ಕದ ಮನೆಯಲ್ಲಿದ್ದವರು ತಾಲ್ಲೂಕು ಕಚೇರಿಯ ಗುಮಾಸ್ತೆ ವರದರಾಜ ಅಯ್ಯಂಗಾರರು. ಅವರ ಹೆಂಡತಿ ಶ್ರೀಮತಿ ಪ್ರೈಮರಿ ಸ್ಕೂಲಿನ ಮೇಷ್ಟರಮ್ಮ. ಅವಳು ಕಿಟಕಿಯಿಂದ ಇಣುಕಿ ಕೇಳಿದಳು: "ಮಗು ನಿಮ್ಮದೇನಾ, ಹೊಂಬಾಳಮ್ಮ?"

"ನಂದೇ ಕಣಮ್ಮ."

"ಹೆಸರು ಹಿಡಿದು ಕೂಗ್ತಾಳಲ್ಲ, ಅದಕ್ಕೆ ಕೇಳಿದೆ."

ಹೊಂಬಾಳಮ್ಮನಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಓದಿದವರಿಗೆ ತೌಡಿನ ಕಥೆ ಹೇಳಿ ನಗೆಗೀಡಾಗುವುದು ಬೇಡವೆಂದು ಮಗುವಿನ ಕಡೆ ತಿರುಗಿದಳು. ಶ್ರೀಮತಿ ಮರುಕದಿಂದ, "ಅಳಲಿ ಬಿಡಿ. ಪ್ರತಿ ಸಲ ಎತ್ಕೊಂಡ್ರೆ ಹಟ ಕಲಿತಾರೆ ಅಂತ ನಮಗೆ ಟ್ರೈನಿಂಗ್‌ನಲ್ಲಿ ಹೇಳ್ಕೊಟ್ಟಿದ್ರು. ತಾನಾಗಿ ಸರಿ ಹೋಗ್ತಾಳೆ" ಎಂದಳು.

ಅಂಕಯ್ಯನಿಗೆ ತಡೆಯಲಾಗಲಿಲ್ಲ. ಪಾಳಿ ಮುಗಿಸಿ ಬಂದವನು ಬೆಲ್ಲದ ವಾಸನೆಯ ಅಂಗಿ ಬಿಚ್ಚುತ್ತ, "ಈ ಭಾನುವಾರ ಅಕ್ಕನ್ನ ಕರ್ಕಂಡ್ ಬತ್ತೀನಿ" ಎಂದ.

"ಕರ್ಕಂಡ್ ಬನ್ನಿ. ನಾನ್ ಬೆಳ್ಳೂರಿಗ್ ಓಯ್ತೀನಿ. ನೀವೂ ನಿಮ್ಮಕ್ಕನೂ ಕೂಸ್ ಆಡಿಸ್ಕಂಡ್ ಇರಿ."

"ಏನಂತ ಮಾತಾಡ್ತೀಯೇ? ಅದು ಉಣ್ಣಾಕಿಲ್ಲ, ನಿದ್ದೆ ಮಾಡಾಕಿಲ್ಲ. ಎಲುಬು ಲೆಕ್ಕ ಆಕ್ಬೋದು. ಸತ್ಗಿತ್ತೋದ್ರೆ?"

ಅವರ ಮನೆಮಂದಿಯಲ್ಲಿ ಮೂರು ವರ್ಷದಿಂದ ಯಾರೂ ಬಾಯಿಬಿಟ್ಟು ಆಡದ ಮಾತು ಅದು. ಅಂಕಯ್ಯನೇ ನಾಲಿಗೆ ಕಚ್ಚಿಕೊಂಡ. ಹೊಂಬಾಳಮ್ಮ ಸ್ಟೌ ಆರಿಸಿ ಬಂದು ಗಂಡನೆದುರು ನಿಂತಳು.

"ಆ ಭಯಕ್ಕೇ ಮೂರ್ ವರ್ಸ ಸುಟ್ಕಂಡೆ. ಎತ್ತ ಕೂಸು ಕೈ ಚಾಚ್ಕಂಡ್ ಬಂದ್ರೆ ಬಿಂದಿಗೆ ಎತ್ಕಂಡೆ. ಇನ್ನೂ ಎಷ್ಟ್ ವರ್ಸ ಸುಡ್ಲಿ, ನೀವೇ ಏಳಿ. ನಿಮ್ಮಕ್ಕ ಬಂದ್ರೆ ನಾನ್ ಯಾವತ್ತೂ ಒಂಬಾಳಿನೇಯ."

ಆ ಭಾನುವಾರ ಅಂಕಯ್ಯ ಎಲ್ಲಿಗೂ ಹೋಗಲಿಲ್ಲ.

ಮಧ್ಯಾಹ್ನದ ಹೊತ್ತು ಶ್ರೀಮತಿ ಸ್ಕೂಲಿಗೆ ಹೋದ ಮೇಲೆ ಅವಳ ಅತ್ತೆ ತಿರುಮಲಮ್ಮ ಮಡಿಯಲ್ಲಿ ಅಡುಗೆ, ದೇವರು ಎಂದು ಇರುತ್ತಿದ್ದರು. ಎರಡು ವರ್ಷದ ಮೊಮ್ಮಗ ರಾಮಾನುಜ ಅಜ್ಜಿಯ ಕಡೆ ಕೈ ಚಾಚಿ ಓಡಿ ಬಂದರೆ ಆಕೆ ಹಿಂದೆ ಸರಿದು, "ಮಡೀಲಿದೀನಿ ಕಣೋ ರಾಜಾ, ಅಲ್ಲೇ ಕೂತ್ಕೋ. ಊಟ ಆದ್ಮೇಲೆ ಎತ್ಕೋತೀನಿ" ಎನ್ನುತ್ತಿದ್ದರು. ಮಗು ಅಡುಗೆಮನೆಯ ಹೊಸಿಲ ಆಚೆ ಕೂತು ಚಮಚ ಬಡಿಯುತ್ತ ಕಾಯುತ್ತಿತ್ತು. ಅಂಗಳದಲ್ಲಿ ರಾಗಿ ಕೇರುತ್ತಿದ್ದ ಹೊಂಬಾಳಮ್ಮನಿಗೆ ಇದನ್ನು ನೋಡಿ ನೋಡಿ ಆಶ್ಚರ್ಯ.

"ಅಮ್ಮಾವ್ರೆ, ಮುಟ್ಟುಸ್ಕಳಾಕಿಲ್ಲ ಅಂತೀರಿ. ಅಳಾಕಿಲ್ವಾ ಕೂಸು?" ಎಂದು ಒಂದು ದಿನ ಕೇಳಿಯೇಬಿಟ್ಟಳು.

"ಯಾಕಳ್ತಾನೆ?" ಎಂದರು ತಿರುಮಲಮ್ಮ, ಅವಳ ಪ್ರಶ್ನೆಯೇ ವಿಚಿತ್ರ ಎನ್ನುವ ಹಾಗೆ. "ಊಟ ಆದ್ಮೇಲೆ ಎತ್ಕೋತೀನಿ ಅಂತ ಅವನಿಗೆ ಗೊತ್ತಲ್ಲಮ್ಮ. ಒಂದು ದಿನಾನೂ ತಪ್ಪಿಸಿಲ್ಲ ನಾನು."

ಹೇಳಿದ ಹಾಗೆಯೇ ಆಕೆ ಊಟ ಮುಗಿಸಿ, ಸೀರೆ ಬದಲಾಯಿಸಿ ಬಂದು ಕೈ ಚಾಚಿದರು. ರಾಮಾನುಜ ಎದ್ದುಬಿದ್ದು ಓಡಿಹೋಗಿ ಅಜ್ಜಿಯ ಕುತ್ತಿಗೆಗೆ ಜೋತುಬಿದ್ದ. ಹೊಂಬಾಳಮ್ಮ ಕೇರುವುದನ್ನು ನಿಲ್ಲಿಸಿದಳು. ತಾನೂ ದೂರವಿದ್ದವಳೇ, ತಾನೂ ಮುಂದೆ ಎತ್ತಿಕೊಳ್ಳುತ್ತೇನೆಂದೇ ದೂರವಿದ್ದವಳು. ಆದರೆ ಆ ಮಾತನ್ನು ಮಗುವಿಗೆ ಯಾರು ಹೇಳಿದ್ದರು? ಜವರಾಯನಿಗೆ ಕೇಳಿಸೀತೆಂದು ಮಗುವಿಗೂ ಹೇಳಲಿಲ್ಲ. ಮಾರಿದ ಆಟವನ್ನು ಅವನು ನಂಬಿದನೋ ಇಲ್ಲವೋ, ಮಗು ನಂಬಿತು. ಅಲ್ಲಿ ಕೂರಲಾಗದೆ ಅವಳು ರಾಗಿಯನ್ನು ಹಾಗೇ ಬಿಟ್ಟು ಒಳಗೆ ಹೋದಳು.

ವಾರಗಳು ಕಳೆದವು. ಅಳು ಕಡಿಮೆಯಾಯಿತು. ಹಾರನ್ ಕೇಳಿದರೆ ಮಗು ಏಳುವುದನ್ನು ಬಿಟ್ಟಿತು. ಗೋಡೆಗೆ ಒರಗಿ, ಲಂಗದ ಅಂಚನ್ನು ಬಾಯಿಗಿಟ್ಟುಕೊಂಡು ದಿನವೆಲ್ಲ ಸುಮ್ಮನೆ ಕೂರುತ್ತಿತ್ತು. ಹೀಗಿರುವಾಗ ಒಂದು ಬೆಳಿಗ್ಗೆ, ಹೊಂಬಾಳಮ್ಮ ಎಂದಿನಂತೆ ನಿರಾಶೆಯಿಂದಲೇ ಉಂಡೆ ಕಟ್ಟಿ ಹಿಡಿದಾಗ, ಮಗು ಬಾಯಿ ತೆರೆಯಿತು.

ಹೊಂಬಾಳಮ್ಮನಿಗೆ ಸ್ವರ್ಗ ಮೂರೇ ಗೇಣು. ಮುದ್ದೆಯೆಲ್ಲ ಉಣ್ಣಿಸಿದಳು. ಮುಖ ತೊಳೆದು, ಬೊಟ್ಟಿಟ್ಟು, ಎದುರು ಕೂರಿಸಿಕೊಂಡು ಕೇಳಿದಳು: "ನಾನ್ ಯಾರು, ಏಳು?"

"ಒಂಬಾಳಿ."

"ಅಲ್ಲ ಕಣವ್ವ. ನಾನ್ ನಿಮ್ಮವ್ವ. ಅವ್ವ ಅನ್ನು."

"ಅವ್ವ."

"ಬೆಳಕವಾಡೀಲಿ ಇರೋಳು?"

ಮಗು ಲಂಗದ ಅಂಚನ್ನು ಬಾಯಿಗಿಟ್ಟುಕೊಂಡಿತು.

"ಅವ್ಳು ಅತ್ತೆ. ಅನ್ನು, ಅತ್ತೆ."

"ಅತ್ತೆ" ಎಂದಿತು ಮಗು.

ಆ ಸಂಜೆ ಗಸಗಸೆ ಪಾಯಸ ಮಾಡಿ ಆರೂ ಮನೆಗೆ ಹಂಚಿದಳು. ಮುಂದಿನ ರಜಕ್ಕೆ ಊರಿಗೆ ಹೋಗಿ ಬಂದ ಅಂಕಯ್ಯ ಅವ್ವನ ಮಾತನ್ನು ಹೊತ್ತು ತಂದ: "ಉಲ್ ತಿಂತದೆ ಅಂತ ನಾನ್ ಆವತ್ತೇ ಏಳ್ನಿಲ್ವಾ, ಅಂದ್ಲು." ಬೆಟ್ಟಮ್ಮ ಏನೆಂದಳೆಂದು ಹೊಂಬಾಳಮ್ಮ ಕೇಳಲಿಲ್ಲ. ಅವನೇ ಹೇಳಿದ: "ಅಕ್ಕ ಏನೂ ಕೇಳ್ನಿಲ್ಲ. ಕೂಸು ಉಣ್ತದೆ ಅಂದೆ. ಎದ್ದು ಅಸಿಗೆ ಉಲ್ ಆಕಾಕೋದ್ಲು."

ತೌಡಿ ಈಗ ವಠಾರದ ಮುದ್ದಿನ ಮಗು. ಯಾರು ಕರೆದರೂ ಹೋಗುತ್ತಿದ್ದಳು, ಯಾರು ಉಣ್ಣಿಸಿದರೂ ಉಣ್ಣುತ್ತಿದ್ದಳು, ಯಾರ ಮನೆಯಲ್ಲಿ ಮಲಗಿಸಿದರೂ ಮಲಗುತ್ತಿದ್ದಳು. "ಎಂಥ ಒಳ್ಳೆ ಮಗು! ನಮ್ಮ ರಾಮಾನುಜ ಆಗಿದ್ರೆ ಮನೆ ಎತ್ತಿಬಿಡ್ತಿದ್ದ" ಎಂದು ಶ್ರೀಮತಿ ಹೊಗಳುತ್ತಿದ್ದಳು. ಮೊದಮೊದಲು ಹೊಂಬಾಳಮ್ಮ ಆ ಹೊಗಳಿಕೆಗೆ ಉಬ್ಬಿದಳು. ಬರಬರುತ್ತ ಏನೋ ಕಸಿವಿಸಿ ಹತ್ತಿತು. ಕೇಳಿದರೆ ಮಗು "ಅವ್ವ" ಎನ್ನುತ್ತಿತ್ತು, ನಿಜ. ಕೇಳದಿದ್ದರೆ ಏನೂ ಎನ್ನುತ್ತಿರಲಿಲ್ಲ.

ಒಂದು ಬೆಳಿಗ್ಗೆ ನಲ್ಲಿಯ ಹತ್ತಿರ ನೀರಿನ ಸರದಿಗೆ ಹೆಂಗಸರು ಸೇರಿದ್ದರು. ಪಾಚಿ ಕಟ್ಟಿದ ಚಪ್ಪಡಿಯ ಮೇಲೆ ತೌಡಿ ಕಾಲು ಜಾರಿ ಬಿದ್ದಳು. ಮಂಡಿ ಸೀಳಿ ರಕ್ತ ಹರಿಯಿತು. ಹೊಂಬಾಳಮ್ಮ ಕೊಡ ಬಿಸಾಡಿ, ಕೂಗು ಬರುವುದನ್ನೇ ಕಾದು ನಿಂತಳು. ಕೂಗು ಬರಲಿಲ್ಲ. ಮಗು ಯಾರ ಕಡೆಗೂ ನೋಡದೆ ಎದ್ದು, ಕುಂಟಿಕೊಂಡು ಹೋಗಿ ಗೋಡೆಯ ಮೂಲೆಯಲ್ಲಿ ಕೂತು, ಲಂಗದಿಂದ ರಕ್ತ ಒರೆಸಿಕೊಳ್ಳತೊಡಗಿತು. ಮುಖ ಬಿಳಿಚಿತ್ತು, ತುಟಿ ನಡುಗುತ್ತಿತ್ತು. ಸದ್ದು ಮಾತ್ರ ಇಲ್ಲ.

"ನೋವಾಯ್ತದಾ ಕಂದ? ಅಳವ್ವ, ಅಳು" ಎಂದು ಹೊಂಬಾಳಮ್ಮ ಅದರ ಮುಂದೆ ಕುಕ್ಕರಿಸಿದಳು.

"ಇಲ್ಲ" ಎಂದಿತು ಮಗು.

"ಧೈರ್ಯದ ಹುಡುಗಿ" ಎಂದು ಯಾರೋ ಮೆಚ್ಚಿಕೊಂಡರು. ಎರಡು ಮಕ್ಕಳನ್ನು ಕಳೆದುಕೊಂಡ ಹೊಂಬಾಳಮ್ಮನಿಗೆ ಕಳೆದುಕೊಳ್ಳುವುದು ಹೇಗಿರುತ್ತದೆಂದು ಗೊತ್ತು. ಇದು ಅದೇ ಎಂದು ಅವಳಿಗೆ ಅನ್ನಿಸಿತು, ಮಗು ಎದುರಿಗೇ ಕೂತಿದ್ದರೂ.

ಅಂಕಯ್ಯ ಬಂದೊಡನೆ, ಊಟಕ್ಕೂ ಕರೆಯದೆ ಹೇಳಿದಳು: "ನಾಳಿಕೇ ಓಗಿ ನಿಮ್ಮಕ್ಕನ್ನ ಕರ್ಕಂಡ್ ಬನ್ನಿ."

"ಏನ್ ಈಗ? ಒಗ್ಕಂಡದಲ್ಲ ಕೂಸು?"

"ಒಗ್ನಿಲ್ಲ. ಯಾರ್ ಮುಂದಾದ್ರೂ ಅಳ್ಳಿ ಅದು. ನನ್ ಮುಂದೆ ಅಳಾಕಿಲ್ಲ, ಅಕ್ಕನ್ ಮುಂದಾದ್ರೂ ಅಳ್ಳಿ. ನನ್ನ ಒಂಬಾಳಿ ಅಂತಾನೇ ಕೂಗ್ಲಿ, ಚಿಂತಿಲ್ಲ. ಓಗಿ."

ಮರುದಿನ ಸಂಜೆ ಬೆಟ್ಟಮ್ಮ ಬಂದಳು. ಸೊಂಟದ ಮೇಲೆ ರಾಗಿಹಿಟ್ಟಿನ ಗಂಟು, ಕೈಯಲ್ಲಿ ಬೆಣ್ಣೆಯ ಡಬ್ಬಿ. ಸೊರಗಿ ಅರ್ಧವಾಗಿದ್ದಳು. ಹೊಸಿಲ ಹತ್ತಿರ ಗಂಟನ್ನು ಬಿಟ್ಟು, ಎರಡೂ ತೋಳು ಚಾಚಿ, "ತೌಡೀ, ನನ್ನವ್ವಾ" ಎಂದಳು. ಹೊಂಬಾಳಮ್ಮ ಸ್ಟೌ ಮುಂದೆಯೇ ನಿಂತಳು. ಓಡಲಿ, ಓಡಿ ಹೋಗಿ ಅವಳನ್ನೇ ತಬ್ಬಿಕೊಳ್ಳಲಿ ಎಂದು, ಮೂರು ತಿಂಗಳಿಂದ ಯಾವುದಾಗಬಾರದೆಂದು ಹಲ್ಲು ಕಚ್ಚಿದ್ದಳೋ ಅದನ್ನೇ ದೇವರಲ್ಲಿ ಬೇಡಿಕೊಂಡಳು.

ತೌಡಿ ಬೆಂಕಿಪೊಟ್ಟಣಗಳನ್ನು ಸಾಲಾಗಿ ಜೋಡಿಸುತ್ತಿದ್ದಳು. ತಲೆ ಎತ್ತಿ ನೋಡಿದಳು. "ಅತ್ತೆ ಬಂದವ್ಳೆ" ಎಂದಳು, ಹೇಳಿಕೊಟ್ಟ ಪಾಠ ಒಪ್ಪಿಸುವ ಹಾಗೆ. ಮತ್ತೆ ಪೊಟ್ಟಣ ಜೋಡಿಸತೊಡಗಿದಳು.

ಬೆಟ್ಟಮ್ಮ ಚಾಚಿದ ಕೈಯನ್ನು ಕೆಳಗಿಳಿಸುವುದನ್ನೇ ಮರೆತು ನಿಂತಳು. ಆಮೇಲೆ ಹೊಸಿಲ ಮೇಲೆಯೇ ಕುಸಿದು ಕೂತು ಬಾಯಿಗೆ ಸೆರಗು ತುರುಕಿಕೊಂಡಳು. ಹೊಂಬಾಳಮ್ಮ ಹೋಗಿ ಪಕ್ಕದಲ್ಲಿ ಕೂತಳು.

"ಅತ್ತೆ ಅನ್ನು ಅಂತ ನಾನೇ ಏಳ್ಕೊಟ್ಟಿದ್ದು ಅಕ್ಕ."

"ಅದಿರ್ಲಿ ಬುಡು. ಅತ್ತೆ ತಾನೇ ನಾನು" ಎಂದಳು ಬೆಟ್ಟಮ್ಮ. "ಒಂದ್ ಮಾತ್ ಏಳು. ನಾನ್ ಎಲ್ಲೋದೆ ಅಂತ ಏಳುದ್ರಿ ಅದಕ್ಕೆ?"

"ಮುಂದಿನ್ ಬಸ್ಸಲ್ಲಿ ಬತ್ತಾಳೆ ಅಂದೆ."

"ಎಷ್ಟ್ ದಿನ ಕಾಯ್ತು?"

ಹೊಂಬಾಳಮ್ಮ ಬೆಟ್ಟಮ್ಮನ ಭುಜಕ್ಕೆ ತಲೆ ಆನಿಸಿ ಅತ್ತಳು. ಬೆಟ್ಟಮ್ಮ ಬೈಯಲಿಲ್ಲ. ಬೈದಿದ್ದರೆ ಹಗುರವಾಗುತ್ತಿತ್ತು. "ಗದ್ದೆಗೋಗು ಅಂದ್ಲು ಅವ್ವ, ನಾನ್ ಓದೆ" ಎಂದಷ್ಟೇ ಹೇಳಿದಳು. "ಮರೆಗ್ ನಿಂತು ಬಸ್ಸು ಓಗೋದ್ನೂ ನೋಡ್ದೆ. ಕೂಗ್ಬೋದಾಗಿತ್ತು. ಕೂಗ್ನಿಲ್ಲ."

ಬೆಟ್ಟಮ್ಮ ಕೆಲವು ದಿನ ಇದ್ದಳು. ಮುದ್ದೆ ಉಣ್ಣಿಸಿದಳು, ಎಣ್ಣೆನೀರು ಎರೆದಳು, ಪಕ್ಕದಲ್ಲಿ ಮಲಗಿಸಿಕೊಂಡಳು. ತೌಡಿ ಯಾವುದಕ್ಕೂ ಇಲ್ಲವೆನ್ನಲಿಲ್ಲ. ಇಬ್ಬರು ಹೆಂಗಸರೂ ಒಂದೇ ತಟ್ಟೆಗೆ ಕೈ ಹಾಕಿ, ಒಬ್ಬರಿಗೊಬ್ಬರು ದಾರಿ ಬಿಟ್ಟುಕೊಡುತ್ತ ಅವಳನ್ನು ಓಲೈಸಿದರು. ಅಷ್ಟರಲ್ಲಿ ಹಸು ಕರು ಹಾಕುವ ದಿನ ಬಂತು, ಬೆಟ್ಟಿಯನ್ನು ಕಳಿಸಿ ಎಂದು ದೇವಿರಮ್ಮ ಊರವರ ಕೈಲಿ ಹೇಳಿ ಕಳಿಸಿದಳು.

"ಇಲ್ಲೇ ಇದ್ಬುಡಿ ಅಕ್ಕ" ಎಂದು ಹೊಂಬಾಳಮ್ಮ ದಾರಿಯುದ್ದಕ್ಕೂ ಬೇಡಿದಳು. ಅಂಕಯ್ಯ ಪಾಳಿಗೆ ಹೋಗಿದ್ದರಿಂದ ಅವಳೇ ಮಗುವನ್ನು ನಡೆಸಿಕೊಂಡು ಮಂಡ್ಯದ ಬಸ್‌ ಸ್ಟ್ಯಾಂಡಿಗೆ ಬಂದಿದ್ದಳು.

"ಬತ್ತೀನಿ, ಅಸ ಕರ ಆಕುದ್ ಮ್ಯಾಕೆ" ಎಂದಳು ಬೆಟ್ಟಮ್ಮ. ಮತ್ತೆ ಮಗುವಿನ ಮುಂದೆ ಕೂತು, ಅದರ ಎರಡೂ ಕೈ ಹಿಡಿದು, "ನಿಜವಾಗೂ ಬತ್ತೀನಿ ಕಣವ್ವ. ಕೇಳ್ತಾ?" ಎಂದಳು.

"ಊಂ" ಎಂದಿತು ಮಗು. ಅದರ ಕಣ್ಣು ಗೋಡೆಯ ಮೇಲೆ ಬರೆದ ಕುಟುಂಬ ಯೋಜನೆಯ ಕೆಂಪು ತ್ರಿಕೋನದ ಕಡೆಗಿತ್ತು.

ಪಕ್ಕದ ಕಲ್ಲುಬೆಂಚಿನಲ್ಲಿ ನಾಗಮಂಗಲದ ಬಸ್ಸಿಗೆ ಕಾಯುತ್ತಿದ್ದ ಒಬ್ಬ ನಡುವಯಸ್ಸಿನ ಹೆಂಗಸು ಎಲೆಅಡಿಕೆ ಮೆಲ್ಲುತ್ತ ಇದನ್ನೆಲ್ಲ ನೋಡುತ್ತಿದ್ದಳು. ಮಕ್ಕಳೆಂದರೆ ಪ್ರಾಣ ಬಿಡುವ ಜೀವವಿರಬೇಕು. ತೌಡಿಯ ಕಡೆ ಕೈ ಚಾಚಿ, ಸುಮ್ಮನೆ ತಮಾಷೆಗೆ ಕೇಳಿದಳು: "ಏನವ್ವ ಪುಟ್ಟಿ, ಬತ್ತೀಯಾ ನಮ್ಮೂರ್ಗೆ? ಬಾ, ನಮ್ಮನೇಲಿ ಕರ ಅದೆ, ಕೋಳಿ ಅದೆ."

ತೌಡಿ ಬೆಟ್ಟಮ್ಮನ ಕೈಯಿಂದ ತನ್ನ ಕೈ ಬಿಡಿಸಿಕೊಂಡಳು. ನೆಟ್ಟಗೆ ನಡೆದುಹೋಗಿ ಆ ಹೆಂಗಸಿನ ಮಡಿಲೇರಿ ಕೂತಳು.

"ಅಯ್ಯೋ ಶಿವನೇ, ಬಂದೇಬುಡ್ತಲ್ಲ!" ಎಂದು ಅವಳು ಬಿದ್ದುಬಿದ್ದು ನಕ್ಕಳು. ಸುತ್ತಲಿನವರೂ ನಕ್ಕರು. ಅಷ್ಟರಲ್ಲಿ ನಾಗಮಂಗಲದ ಬಸ್ಸು ಬಂತು. ಆಟವನ್ನು ಇನ್ನಷ್ಟು ಬೆಳೆಸುವ ಉಮೇದಿನಲ್ಲಿ ಅವಳು ಮಗುವನ್ನು ಕಂಕುಳಲ್ಲಿಟ್ಟುಕೊಂಡೇ ಹೋಗಿ ಬಸ್ಸಿನ ಮೆಟ್ಟಿಲು ಹತ್ತಿ ನಿಂತಳು. ಮಕ್ಕಳು ಅಲ್ಲಿ ಹೆದರಿ ಕಿರುಚುತ್ತವೆ, ಹೆತ್ತವರು ಓಡಿಬರುತ್ತಾರೆ, ಎಲ್ಲರೂ ನಗುತ್ತಾರೆ. ಅವಳು ಕಂಡ ಆಟ ಅದು. ಹೊಂಬಾಳಮ್ಮ, ಬೆಟ್ಟಮ್ಮ ಇಬ್ಬರೂ ಓಡಲಿಲ್ಲ. ಮಗು ಒಮ್ಮೆ ಹಿಂತಿರುಗಿ ನೋಡುತ್ತದೆಂದು ಇಬ್ಬರೂ ಕಾದರು.

ಮಗು ಬಸ್ಸಿನ ಒಳಗೆ ಸೀಟು ಖಾಲಿ ಇದೆಯೇ ಎಂದು ನೋಡುತ್ತಿತ್ತು.

ಆ ಹೆಂಗಸಿನ ನಗು ತಾನಾಗಿ ನಿಂತುಹೋಯಿತು. ಅವಳು ಮೆಟ್ಟಿಲಿಳಿದು ಬಂದಳು. ಮಗುವನ್ನು ಎದುರಿಗೆ ಹಿಡಿದು, ಒಬ್ಬರಾದ ಮೇಲೆ ಒಬ್ಬರ ಮುಖ ನೋಡಿ ಕೇಳಿದಳು: "ತಗಳ್ರವ್ವ, ಬಸ್ಸು ಒಂಟೋಯ್ತದೆ. ನಿಮ್ಮಿಬ್ಬರಲ್ಲಿ ಇದರವ್ವ ಯಾರು?"

ಇಬ್ಬರ ಕೈಯೂ ಒಟ್ಟಿಗೇ ಮುಂದೆ ಬಂತು. ತೌಡಿ ಆ ಹೆಂಗಸಿನ ಕೈಯಲ್ಲಿ ತೂಗುತ್ತ, ಸುಮ್ಮನೆ ಇಬ್ಬರನ್ನೂ ನೋಡಿದಳು. ಯಾರು ಎತ್ತಿಕೊಂಡರೂ ಅವಳಿಗೆ ಆಗುತ್ತಿತ್ತು.